ಚಂದ್ರಿ ಎಮ್ಮೆ ಮತ್ತು ಕಾಲುವೆಯ ದಾರಿ

ಗಡಿಗೆಹಾಳದ ಮಾಳವ್ವನಿಗೆ ಒಂದು ದೋಣಿ ಇತ್ತು, ಒಂದು ಎಮ್ಮೆ ಇತ್ತು, ಜೊತೆಗೆ ಯಾರಿಗೂ ದಾರಿ ಬಿಡಬಾರದೆಂಬ ಹಟವೂ ಇತ್ತು. ದೋಣಿ ಕಾಲುವೆಯಲ್ಲಿ ತೇಲುತ್ತಿತ್ತು. ಎಮ್ಮೆ ದಂಡೆಯ ಮೇಲಿನ ಕಿರುದಾರಿಯಲ್ಲಿ ನಡೆಯುತ್ತ, ಉದ್ದನೆಯ ಹಗ್ಗದಿಂದ ದೋಣಿಯನ್ನು ಎಳೆಯುತ್ತಿತ್ತು. ಹಟವನ್ನು ಮಾತ್ರ ಮಾಳವ್ವ ತಾನೇ ಹೊತ್ತು ತಿರುಗುತ್ತಿದ್ದಳು.

ಗಡಿಗೆಹಾಳ ಕುಂಬಾರರ ಊರು. ಅಲ್ಲಿಂದ ಮೇಲಿನ ಪೇಟೆಗೆ ಟಾರು ರಸ್ತೆಯೂ ಇತ್ತು. ಆದರೆ ಆ ರಸ್ತೆಯ ಗುಂಡಿಗಳನ್ನು ದಾಟಿ ಹೋದ ಗಡಿಗೆ ಪೇಟೆ ಮುಟ್ಟುವಾಗ ಗಡಿಗೆಯಾಗಿ ಉಳಿದಿರುತ್ತಿರಲಿಲ್ಲ. ನೀರಿನ ಮೇಲೆ ಕುಲುಕಾಟವಿಲ್ಲ. ಹಾಗಾಗಿ ಲಾರಿಗಳ ಕಾಲದಲ್ಲೂ ಮಾಳವ್ವನ ದೋಣಿಗೆ ಕೆಲಸವಿತ್ತು. ಆಕೆ ಹಿಂದೆ ನಿಂತು ಗಳ ಊರುತ್ತ ದೋಣಿಯನ್ನು ನಡುನೀರಿನಲ್ಲಿಡುತ್ತಿದ್ದಳು. ಎಮ್ಮೆ ಚಂದ್ರಿ ಯಾರೂ ಹೇಳದೆಯೇ ತನ್ನ ಪಾಡಿಗೆ ತಾನು ದಾರಿ ಹಿಡಿದು ನಡೆಯುತ್ತಿತ್ತು. ಪೇಟೆಯ ಕಟ್ಟೆಗೆ ದೋಣಿ ತಾಗಿದಾಗ, ಹಮಾಲರು ಬರಲೆಂದು ಅಲ್ಲಿಯವರು ಗಂಟೆ ಬಾರಿಸುತ್ತಿದ್ದರು. ಗಂಟೆಯಾದೊಡನೆ ಮಾಳವ್ವ ಚಂದ್ರಿಯ ಹಗ್ಗ ಬಿಚ್ಚುವಳು. ಚಂದ್ರಿ ನೀರಿಗಿಳಿದು, ಮೂಗಷ್ಟೇ ಹೊರಗಿಟ್ಟು, ಕಣ್ಣು ಮುಚ್ಚುವುದು. ಕಿವಿಯ ಹಿಂದೆ ತಿಕ್ಕಿಸಿಕೊಳ್ಳಲು ತಲೆಯನ್ನು ಒಂದು ಮಗ್ಗುಲಿಗೆ ವಾಲಿಸುವುದು. ಆ ಎಮ್ಮೆಗೆ ಲೋಕದಲ್ಲಿ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ಆ ಕಾಲುವೆಯವರಲ್ಲಿ ಒಂದು ರೂಢಿ ಇತ್ತು. ಎರಡು ದೋಣಿ ಎದುರುಬದುರಾದರೆ ಎರಡು ಹಗ್ಗವೂ ಸಿಕ್ಕಿಕೊಳ್ಳಬೇಕಲ್ಲ? ಆಗ ನೀರಿನ ಜೊತೆ ಕೆಳಗೆ ಬರುವವನು, ಹಗುರ ಇರುವವನು, ತನ್ನ ಎತ್ತನ್ನು ನಿಲ್ಲಿಸಿ ಹಗ್ಗ ಸಡಿಲ ಬಿಡುತ್ತಿದ್ದ. ಹಗ್ಗ ನೀರಿನ ತಳಕ್ಕೆ ಹೋಗಿ ಸುಮ್ಮನೆ ಮಲಗುವುದು. ಹೊರೆ ಹೊತ್ತು ಮೇಲೇರುವ ದೋಣಿ ಅದರ ಮೇಲೆ ಹಾದುಹೋಗುವುದು. ಇದಕ್ಕೆ ಹಗ್ಗ ಮಲಗಿಸುವುದು ಎನ್ನುತ್ತಿದ್ದರು. ಹಗ್ಗ ಮಲಗಿಸಿದೆ ಎಂದು ಯಾರೂ ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತದ್ದಿಲ್ಲ.

ನೀರಿನ ಮೇಲೆ ಇಷ್ಟು ಮರ್ಯಾದೆಯಿದ್ದ ಮಾಳವ್ವ ನೆಲದ ಮೇಲಿನವರ ಮಟ್ಟಿಗೆ ಬೇರೆಯೇ ಹೆಂಗಸು. ಅದೇ ದಾರಿಯಲ್ಲಿ ಪೇಟೆಯ ದಸ್ತಗೀರ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು, ಬಿಸಿ ಬನ್ನು ಮಾರಲು ಬರುತ್ತಿದ್ದ. ಅದೇ ದಾರಿಯಲ್ಲಿ ಸುಂದರಾಬಾಯಿ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಹೆದರಿ ಕೊಡೆ ಹಿಡಿದು ನಡೆಯುತ್ತಿದ್ದಳು. ಆಕೆ ರಿಟೈರಾದ ಸೂಲಗಿತ್ತಿ ನರ್ಸು. ಅರ್ಧ ಊರನ್ನು ಹುಟ್ಟಿದೊಡನೆ ಬೆನ್ನಿಗೆ ತಟ್ಟಿ ಅಳಿಸಿದವಳು. ಹಾಗಾಗಿ ಊರಲ್ಲಿ ಆಕೆಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ, ಮಾಳವ್ವನನ್ನು ಬಿಟ್ಟು.

ದಂಡೆ ಕಟ್ಟಿದ್ದೇ ದೋಣಿ ಎಳೆಯುವುದಕ್ಕೆ ಎನ್ನುವುದು ಮಾಳವ್ವನ ವಾದ. ಮುಳ್ಳು ತುಂಬಿದ್ದ ದಂಡೆ ದಾರಿಯಾದದ್ದೇ ತನ್ನ ಗಾಲಿಯಿಂದ ಎಂದು ದಸ್ತಗೀರ ಹೇಳುತ್ತಿದ್ದ. ದೋಣಿ, ಸೈಕಲ್ಲು ಹುಟ್ಟುವ ಮುಂಚೆ ಮನುಷ್ಯನಿಗೆ ಕಾಲು ಹುಟ್ಟಿದ್ದವು ಎಂದು ಸುಂದರಾಬಾಯಿ ಕೊಡೆಯಿಂದ ನೆಲ ಕುಟ್ಟುತ್ತಿದ್ದಳು. ಮೂರೂ ಮಾತು ನಿಜ. ತೊಂದರೆ ಇದ್ದದ್ದೇ ಅಲ್ಲಿ. ಸುಳ್ಳು ಹೇಳುವವರ ಜಗಳ ಬೇಗ ಮುಗಿಯುತ್ತದೆ. ನಿಜ ಹೇಳುವವರ ಜಗಳಕ್ಕೆ ಕೊನೆಯೇ ಇಲ್ಲ.

ಒಂದು ದಿನ ಬಿಗಿಯಾಗಿದ್ದ ಹಗ್ಗ ದಸ್ತಗೀರನ ಪೆಟ್ಟಿಗೆಗೆ ತಗುಲಿ, ಬನ್ನುಗಳೆಲ್ಲ ಕಾಲುವೆಗೆ ಉರುಳಿದವು. ಅವನು ಬಾಯಿ ತೆರೆಯುವ ಮೊದಲೇ ಮಾಳವ್ವ ದೋಣಿಯಿಂದ, ಮೀನಿಗೂ ಹಸಿವು ಇರ್ತೈತಿ ಬಿಡಪ್ಪ ಎಂದಳು. ಚಂದ್ರಿಯನ್ನು ಎರಡು ಹೆಜ್ಜೆ ನಿಲ್ಲಿಸಿದ್ದರೆ ಹಗ್ಗ ಸಡಿಲಾಗುತ್ತಿತ್ತು. ನಿಲ್ಲಿಸಲಿಲ್ಲ.

ಆಮೇಲೆ ಮಾಳವ್ವ ದೋಣಿಯನ್ನು ದಡಕ್ಕೆಳೆದು ತಳಕ್ಕೆ ಡಾಂಬರು ಬಳಿಯಲು ಕೂತಳು. ಗಣಪತಿ ಹಬ್ಬದ ಹೊರೆಗೆ ದೋಣಿ ಸಜ್ಜಾಗಬೇಕಿತ್ತು. ಆಕೆ ದಡದಲ್ಲಿದ್ದ ಆ ದಿನಗಳಲ್ಲೇ ದಾರಿಯ ಸದ್ದು ಬದಲಾಯಿತು. ಇನ್ನು ಯಾರ ಹಗ್ಗವೂ ತನ್ನ ಬನ್ನು ಮುಟ್ಟಬಾರದೆಂದು ದಸ್ತಗೀರ ಸೈಕಲ್ಲಿಗೆ ಒಂದು ಭಾರೀ ಹಿತ್ತಾಳೆ ಗಂಟೆ ಕಟ್ಟಿಸಿದ. ಆ ಗಂಟೆಗೆ ಬೆಚ್ಚಿಬಿದ್ದ ಸುಂದರಾಬಾಯಿ ತಾನೇನು ಕಡಿಮೆ ಎಂದು ದೇವರ ಮನೆಯ ಗಂಟೆಯನ್ನೇ ತಂದು ಕೊಡೆಗೆ ಕಟ್ಟಿಕೊಂಡಳು. ಇವರನ್ನು ನೋಡಿ ಹಾಲಿನವರು, ಸೊಪ್ಪಿನವರು ಎಲ್ಲರ ಸೈಕಲ್ಲಿಗೂ ಗಂಟೆ ಬಂತು. ಕಣ್ಣು ಮುಚ್ಚಿ ನಿಂತರೆ ದಂಡೆಯ ಮೇಲೆ ಮಹಾಮಂಗಳಾರತಿ ನಡೆದಿದೆ ಎನ್ನಬೇಕು, ಹಾಗಿತ್ತು.

ಹಬ್ಬದ ಹಿಂದಿನ ದಿನ ಬಂತು. ದೋಣಿಯ ತುಂಬ ಹುಲ್ಲು ಹಾಸಿ ಹಸಿಮಣ್ಣಿನ ಗಣಪತಿಗಳನ್ನು ಕೂರಿಸಿದರು. ಸುಡದ ಮಣ್ಣು, ನೀರು ತಾಗಿದರೆ ಮುಗಿಯಿತು. ಕುಂಬಾರರ ಮನೆಮನೆಯ ದುಡಿಮೆಯೂ ಆ ಹುಲ್ಲಿನ ಮೇಲೆ ಕೂತಿತ್ತು. ಹೊತ್ತು ಮುಳುಗುವುದರೊಳಗೆ ಪೇಟೆಯ ಕಟ್ಟೆ ಮುಟ್ಟಬೇಕು, ಅಂಗಡಿಯವರು ಕಾಯುತ್ತಿರುತ್ತಾರೆ. ಈ ಸಲ ಏನಾದರೂ ಹೆಚ್ಚುಕಡಿಮೆಯಾದರೆ ಬರುವ ವರ್ಷದಿಂದ ಹುಲ್ಲು ಹಾಸಿದ ಲಾರಿಯೇ ಆಗಲಿ ಎಂದು ಹಿರಿಯ ಕುಂಬಾರ ಮೆತ್ತಗೆ ಹೇಳಿದ್ದ. ಮೆತ್ತಗೆ ಹೇಳಿದ ಮಾತು ಮಾಳವ್ವನಿಗೆ ಜೋರಾಗಿಯೇ ಕೇಳಿಸಿತ್ತು. ಗಡಿಗೆ ಹೋದರೆ ದೋಣಿ ಹೋಯಿತು. ದೋಣಿ ಹೋದರೆ ತಾನು ಯಾರು?

ಅರ್ಧ ದಾರಿ ಸುಸೂತ್ರ. ಆಮೇಲೆ ತಿರುವಿನಲ್ಲಿ ದಸ್ತಗೀರ ಎದುರಾದ. ಹಗ್ಗ ಕಂಡವನೇ ಗಂಟೆ ಬಾರಿಸಿದ.

ಚಂದ್ರಿ ನಿಂತಿತು. ಕಿವಿ ನಿಮಿರಿಸಿತು. ಆಮೇಲೆ, ಇಷ್ಟು ಬೇಗ ಪೇಟೆ ಬಂದದ್ದಕ್ಕೆ ಸಂತೋಷಪಟ್ಟುಕೊಂಡು, ಗಂಭೀರವಾಗಿ ಕಾಲುವೆಗೆ ಇಳಿದುಬಿಟ್ಟಿತು.

ದೋಣಿ ನೀರಿನ ಸೆಳೆತಕ್ಕೆ ಹಿಂದಕ್ಕೆ ಸರಿದು ದಂಡೆಗೆ ಬಡಿಯಿತು. ಒಂದಷ್ಟು ನೀರು ಒಳಗೆ ಹಾರಿತು. ಮುಂದೆ ಕೂತಿದ್ದ ಗಣಪನ ಕಾಲಬುಡದ ಇಲಿ ಮಾಳವ್ವನ ಕಣ್ಣೆದುರಿಗೇ ಕರಗಿ ಕೆಸರಾಯಿತು. ಆಕೆ ಗಳ ಊರಿ ದೋಣಿ ನಿಲ್ಲಿಸಿ, ಬೈದು, ರಮಿಸಿ, ಚಂದ್ರಿಯನ್ನು ಮೇಲೆ ಹತ್ತಿಸಿದಳು. ಅಷ್ಟರಲ್ಲಿ ದಸ್ತಗೀರನ ಹಿಂದೆಯೇ ಬರುತ್ತಿದ್ದ ಸುಂದರಾಬಾಯಿ, ದಾರಿಗಡ್ಡ ನಿಂತ ಸೈಕಲ್ಲು ನೋಡಿ ಕೊಡೆ ಅಲ್ಲಾಡಿಸಿದಳು. ಚಂದ್ರಿ ಮತ್ತೆ ನೀರಿಗೆ.

“ಹಬ್ಬ ನಾಳೆ ಅಲ್ಲೇನ ಮಾಳವ್ವ?” ಎಂದಳು ಸುಂದರಾಬಾಯಿ. “ಇವತ್ತೇ ಗಣಪ್ಪನ್ನ ಯಾಕ ಕಳಸಲಿಕ್ಕೆ ಹತ್ತೀ?”

ದಸ್ತಗೀರನಿಗೆ ನಗು ತಡೆಯಲಾಗಲಿಲ್ಲ. ಮಾಳವ್ವ ಇಬ್ಬರಿಗೂ ಸೇರಿಸಿ ಮಂಗಳಾರತಿ ಎತ್ತಿದಳು. ಅವರ ಗಾಲಿ, ಅವರ ಕಾಲು, ಅವರ ಗಂಟೆ, ಯಾವುದನ್ನೂ ಬಿಡಲಿಲ್ಲ. ಬೈಯುತ್ತಿರುವಾಗಲೇ ಮೇಲಿನಿಂದ ಹುಲಗಪ್ಪನೆಂಬವನ ಖಾಲಿ ದೋಣಿ ಇಳಿದು ಬಂತು. ಅವನು ಏನೂ ಕೇಳಲಿಲ್ಲ. ಎತ್ತು ನಿಲ್ಲಿಸಿದ, ಹಗ್ಗ ಮಲಗಿಸಿದ, ಮಾಳವ್ವನ ದೋಣಿಯ ಮಗ್ಗುಲಿನಿಂದ ಮೆಲ್ಲಗೆ ಜಾರಿಕೊಂಡ. ಗಣಪ್ಪ ಹುಷಾರು ಎಂದಷ್ಟೇ ಹೇಳಿ ಹೋದ.

ಸುಂದರಾಬಾಯಿ ಅವನು ಹೋದ ಕಡೆಯೇ ನೋಡುತ್ತಿದ್ದಳು. “ಅಂವ ನಿನಗ ಸೋತನೇನು?”

“ಸೋಲೋದೇನ ಬಂತು? ಅಂವ ಖಾಲಿ ಇಳೀತಿದ್ದ, ನಾ ಹೊರೆ ತುಂಬ್ಕೊಂಡು ಏರ್ತಿದ್ದೆ. ಬಿಡಬೇಕಾದವರು ಬಿಡ್ತಾರ. ನಾಳೆ ನಾನೂ ಬಿಡ್ತೀನಿ.”

ಹೇಳಿದ ಮಾತು ಆಕೆಯ ಕಿವಿಗೇ ಬಂದು ಬಿತ್ತು. ದಸ್ತಗೀರ ತನ್ನ ಪೆಟ್ಟಿಗೆಯ ನೆಗ್ಗಿದ ಮೂಲೆಯನ್ನು ಬೆರಳಿನಿಂದ ಸವರಿದ. ಅದು ಹಗ್ಗ ತಗುಲಿದ ಮೂಲೆ.

ಮಾಳವ್ವ ಮುಖ ತಿರುಗಿಸಿ ಚಂದ್ರಿಯನ್ನು ನೋಡಿದಳು. ಅದು ಕಣ್ಣು ಮುಚ್ಚಿ, ಕಿವಿ ತಿಕ್ಕಿಸಿಕೊಳ್ಳಲು ತಲೆ ವಾಲಿಸಿ ಕಾಯುತ್ತಿತ್ತು. ಪೇಟೆಯ ಕಟ್ಟೆಯಲ್ಲಿ ಕಾಯುವ ಹಾಗೆಯೇ. ಆಗ ಆಕೆಗೆ ಎಲ್ಲ ತಿಳಿಯಿತು. ಇನ್ನು ಪೇಟೆಯವರೆಗೆ ಎಷ್ಟು ಸೈಕಲ್ಲು ಎದುರಾಗುತ್ತವೋ ಅಷ್ಟು ಸಲ ಈ ಎಮ್ಮೆ ನೀರಿಗಿಳಿಯುತ್ತದೆ. ಅಷ್ಟರಲ್ಲಿ ಗಣಪತಿಗಳು ಬಂದ ಮಣ್ಣಿಗೇ ಹಿಂದಿರುಗಿರುತ್ತವೆ. ಗಂಟೆ ಬಾರಿಸಬೇಡಿ ಎಂದು ಕೇಳಬೇಕು. ಇಷ್ಟು ವರ್ಷ ಬಿಗಿಯಾಗಿ ಹಿಡಿದ ಹಗ್ಗದ ತುದಿಯಲ್ಲಿ ನಿಂತು ಕೇಳುವುದು ಹೇಗೆ?

ಸೂರ್ಯ ವಾಲುತ್ತಿದ್ದ. ಇಲಿಯಿಲ್ಲದ ಗಣಪ ಆಕೆಯನ್ನೇ ನೋಡುತ್ತಿದ್ದ.

“ದಸ್ತಗೀರಪ್ಪಾ,” ಎಂದಳು ಮಾಳವ್ವ. “ನಿನ್ನ ಬನ್ನು ಮೀನಿಗೆ ಹಾಕಿದ್ದು ನನ್ನ ಹಗ್ಗ ಅಲ್ಲ, ನಾನ. ಇವತ್ತಿನಿಂದ ನಿನಗೂ ಹಗ್ಗ ಮಲಗಿಸ್ತೀನಿ, ಬಾಯಿಯವರಿಗೂ ಮಲಗಿಸ್ತೀನಿ. ಈ ಗಂಟೆ ಒಂದು ನಿಲ್ಲಿಸ್ರಿ. ಗಂಟೆ ಅಂದ್ರ ನನ್ನ ಎಮ್ಮಿಗೆ ಜಳಕ.”

ದಸ್ತಗೀರ ಪೆಟ್ಟಿಗೆ ತೆರೆದು ಒಂದು ಬನ್ನು ತೆಗೆದ. ಇವತ್ತು ಮೀನಿಗಲ್ಲ, ಎಮ್ಮೆಗೆ ಎಂದ.

ಬನ್ನಿನ ವಾಸನೆಗೆ ಚಂದ್ರಿ ಒಂದು ಕಣ್ಣು ತೆರೆಯಿತು. ಜಳಕವನ್ನು ಬಿಟ್ಟು ಬರುವಂಥದ್ದು ಲೋಕದಲ್ಲಿ ಇನ್ನೊಂದಿದೆ ಎಂದು ಅದಕ್ಕೂ ಅಂದೇ ತಿಳಿದದ್ದು. ಸುಂದರಾಬಾಯಿ ಕೊಡೆಯ ಗಂಟೆಗೆ ಕರವಸ್ತ್ರ ತುರುಕಿ, ಬನ್ನು ಹಿಡಿದು ಎಮ್ಮೆಯ ಮುಂದೆ ನಡೆದಳು. ಚಂದ್ರಿ ನೀರಿನಲ್ಲಿದ್ದಾಗ ದೋಣಿಯ ಹತ್ತಿರ ಬಂದಿದ್ದ ದಸ್ತಗೀರ ಸೈಕಲ್ಲು ತಿರುಗಿಸಿದ. ಮಾಳವ್ವ ಚಂದ್ರಿಯನ್ನು ಎರಡು ಹೆಜ್ಜೆ ನಿಲ್ಲಿಸಿ ಹಗ್ಗ ಮಲಗಿಸಿದಳು. ಅವನು ಅದರ ಮೇಲೆ ಗಾಲಿ ಹಾಯಿಸಿ ಪೇಟೆಯ ಕಡೆಗೆ ತುಳಿದ. ಮುಂದೆ ಮುಂದೆ ಹೋಗಿ, ಎದುರಾದ ಹಾಲಿನವರಿಗೂ ಸೊಪ್ಪಿನವರಿಗೂ, ಗಣಪ್ಪ ಬರಾಕತ್ತಾನ, ಗಂಟೆ ಹಿಡ್ಕೊಳ್ರಿ ಎಂದು ಹೇಳುತ್ತ ಹೋದ. ಗಣಪತಿಗೆ ಗಂಟೆ ಬಾರಿಸಬೇಡಿ ಎಂದವನನ್ನು ಅವರು ಅದೇ ಮೊದಲ ಸಲ ನೋಡಿದ್ದು. ಆದರೂ ದಂಡೆಯಿಂದ ಸರಿದು, ಗಂಟೆ ಮುಚ್ಚಿಕೊಂಡು, ನಗುತ್ತ ನಿಂತರು. ಮಾಳವ್ವ ಒಬ್ಬೊಬ್ಬರಿಗೂ ಕೈ ಎತ್ತಿದಳು. ಸುಂದರಾಬಾಯಿ ಡಾಕ್ಟರು ಹೇಳಿದ್ದಕ್ಕಿಂತ ಬಹಳ ಹೆಚ್ಚು ನಡೆದಳು. ಎಮ್ಮೆಯ ಜೊತೆಗೆ ತಾನೂ ಬನ್ನು ತಿಂದದ್ದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಹೊತ್ತು ಮುಳುಗುವ ಮುನ್ನ ದೋಣಿ ಕಟ್ಟೆಗೆ ತಾಗಿತು. ಮಾಳವ್ವ ಅದನ್ನು ಗಟ್ಟಿಯಾಗಿ ಕಟ್ಟಿ, ಚಂದ್ರಿಯ ಹಗ್ಗ ಬಿಚ್ಚಿದಳು. ಆಮೇಲೆ, ಇನ್ನು ಬಾರಿಸಿ ಎಂದು ಕಟ್ಟೆಯವರಿಗೆ ತಲೆ ಆಡಿಸಿದಳು. ಗಂಟೆ ಮೊಳಗಿತು. ಚಂದ್ರಿ ಯಾರ ಮುಖವನ್ನೂ ನೋಡದೆ ನೀರಿಗಿಳಿಯಿತು.

ಗಣಪತಿಗಳೆಲ್ಲ ಅಂಗಡಿಗೆ ಹೋದವು, ಇಲಿ ಕರಗಿದ ಒಂದನ್ನು ಬಿಟ್ಟು. ವಾಹನವಿಲ್ಲದ ಗಣಪನನ್ನು ಯಾರು ಕೊಳ್ಳುತ್ತಾರೆ? ಮೂವರೂ ಸೇರಿ ಅವನನ್ನು ಕಟ್ಟೆಯ ಬೇವಿನ ಮರದಡಿ ಕೂರಿಸಿದರು. ನೈವೇದ್ಯಕ್ಕೆ ದಸ್ತಗೀರನೇ ಸಿಹಿ ಬನ್ನು ತಂದ. ಕಳಿಸುವ ದಿನ, ಇಲಿಯಿಲ್ಲವಲ್ಲ, ದೇವರು ಹೋಗುವುದು ಹೇಗೆ ಎಂಬ ಪ್ರಶ್ನೆ ಬಂತು. ಕಟ್ಟೆಯ ಸುತ್ತ ಸುಂದರಾಬಾಯಿ ಎತ್ತಿಕೊಂಡು ನಡೆದಳು. ದಂಡೆಯ ಮೇಲೆ ದಸ್ತಗೀರನ ಸೈಕಲ್ಲು ಹೊತ್ತಿತು. ನಡುನೀರಿಗೆ ಮಾಳವ್ವನ ದೋಣಿ ಒಯ್ದಿತು. ಅವತ್ತು ಮಾತ್ರ ಎಲ್ಲ ಗಂಟೆಗಳೂ ಒಟ್ಟಿಗೆ ಮೊಳಗಿದವು. ಮಾಳವ್ವ ಗಣಪನನ್ನು ಎತ್ತಿ ಹಿಡಿದಿದ್ದಳಷ್ಟೆ. ಅವನಿಗಿಂತ ಮೊದಲೇ ಚಂದ್ರಿ ಮುಳುಗಿ, ಮೂಗು ಹೊರಗಿಟ್ಟು, ತಲೆ ವಾಲಿಸಿತು.

ನೀತಿ: ಎಲ್ಲರ ದಾರಿಯಲ್ಲಿ ನನ್ನ ಹಕ್ಕೆಷ್ಟು ಎಂದು ಗಂಟೆ ಬಾರಿಸುವುದಕ್ಕಿಂತ, ಎದುರಿಗೆ ಬಂದವರ ಹೊರೆಯೆಷ್ಟು ಎಂದು ನೋಡಿ. ನಮ್ಮವರಿಗೆ ತೋರಿಸುವ ಮರ್ಯಾದೆಯನ್ನೇ ಹೊರಗಿನವರಿಗೂ ತೋರಿಸಿ. ಹಗ್ಗ ಸಡಿಲ ಬಿಟ್ಟವರು ಸೋಲುವುದಿಲ್ಲ. ಅವರ ಹೊರೆಯೂ ಹೊತ್ತಿಗೆ ಸರಿಯಾಗಿ ದಡ ಮುಟ್ಟುತ್ತದೆ.