ನಿಂತಾಗ ನಡುಗುವ ಕಾರು

"ಗುರುಗಳೇ, ತಪ್ಪನ್ನು ತಿದ್ದಿಕೊಂಡ ಮೇಲೂ ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಚನ್ನವೀರ ಕೇಳಿದ.

ಅವನು ಮಠದ ಹಳೆಯ ಶಿಷ್ಯ. ಸುಮ್ಮಸುಮ್ಮನೆ ಪ್ರಶ್ನೆ ಕೇಳುವವನಲ್ಲ. ಗುರುಗಳು ಅವನ ಮುಖವನ್ನೊಮ್ಮೆ ನೋಡಿ, "ಕೂತುಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನ ಹತ್ತಿರ ಅಪ್ಪನ ಕಾಲದ ಒಂದು ಹಳೆಯ ಕಾರಿತ್ತು. ಓಡುವಾಗ ಅದಕ್ಕೆ ಯಾವ ರೋಗವೂ ಇರಲಿಲ್ಲ. ನಿಂತಾಗಲೇ ಅದರ ಗೋಳು. ಕಾರು ನಿಂತಿರುವಾಗ ಇಂಜಿನ್ ಒಂದೇ ಸಮನೆ ಗುರುಗುಟ್ಟಿಕೊಂಡಿರಬೇಕು. ಐಡ್ಲಿಂಗ್ ಎಂದು ಅದಕ್ಕೆ ಹೆಸರು. ಇದು ಹಾಗಲ್ಲ. ಒಮ್ಮೆ ಊಳಿಡುವುದು, ಒಮ್ಮೆ ಕುಗ್ಗಿ ಗಡಗಡ ನಡುಗುವುದು, ಮನಸ್ಸು ಬಂದರೆ ಆರಿಯೇ ಹೋಗುವುದು.

ಯಜಮಾನನಿಗೆ ಇದು ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ಆಸಾಮಿಗೆ ತಾಳ್ಮೆ ಎಂಬುದಿಲ್ಲ. ದನ ಅಡ್ಡ ಬಂದು ಕಾರು ನಿಂತರೂ ಆಕ್ಸಿಲರೇಟರ್ ಒತ್ತಿ ಬುರ್ ಬುರ್ ಎನ್ನಿಸುತ್ತಲೇ ಇರುತ್ತಿದ್ದ. ಇಂಜಿನ್‌ಗೆ ನಡುಗಲಿಕ್ಕೂ ಪುರುಸೊತ್ತು ಕೊಡುತ್ತಿರಲಿಲ್ಲ ಮಹಾರಾಯ. ಬ್ರೇಕನ್ನೂ ಒದ್ದೇ ತುಳಿಯುವವನು, ಅದರ ಬಿಗಿಯೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅವನ ಹೆಂಡತಿ ಡ್ರೈವಿಂಗ್ ಕಲಿತಳು. ಶೋಕಿಗಲ್ಲ. ಅವಳ ಅಕ್ಕ ದೂರದ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಳು. ತಾಯಿ ಸತ್ತ ಮೇಲೆ ಇವಳನ್ನು ಎತ್ತಿ ಬೆಳೆಸಿದವಳು ಆ ಅಕ್ಕನೇ. ಆ ಹಳ್ಳಿಯ ತನಕ ಬಸ್ಸು ಹೋಗುತ್ತಿರಲಿಲ್ಲ. ಇವಳು ವಾರಕ್ಕೊಮ್ಮೆ ಕಾರು ತೆಗೆದುಕೊಂಡು ಹೋಗಿ, ಅಕ್ಕನ ಮೈ ತೊಳೆದು, ತಲೆ ಬಾಚಿ, ಎರಡು ತುತ್ತು ಉಣ್ಣಿಸಿ ಬರುತ್ತಿದ್ದಳು. ಅಕ್ಕ ಉಳಿದ ಆರು ದಿನವೂ ಆ ಒಂದು ದಿನದ ದಾರಿ ನೋಡುತ್ತಿದ್ದಳು.

ಒಂದು ದಿನ ಅವಳು ಗಂಡನಿಗೆ ಹೇಳಿದಳು. "ರೀ, ಕಾರು ನಿಲ್ಲಿಸಿದರೆ ನಡುಗುತ್ತೆ. ಬಾನೆಟ್ ಒಳಗೆ ಬುಸ್ ಅಂತ ಸದ್ದು ಬರುತ್ತೆ. ಬ್ರೇಕೂ ಕಲ್ಲಿನ ಹಾಗಿದೆ, ಎದ್ದು ನಿಂತು ತುಳಿಯಬೇಕು."

"ಬುಸ್ ಅನ್ನೋಕೆ ಒಳಗೆ ನಾಗಪ್ಪ ಕೂತಿದ್ದಾನಾ?" ಎಂದು ವ್ಯಾಪಾರಿ ನಕ್ಕ. "ನನ್ನ ಕೈಯಲ್ಲಿ ನಡುಗಲ್ಲ, ನಿನ್ನ ಕೈಯಲ್ಲಿ ನಡುಗುತ್ತೆ. ಹಾಗಾದರೆ ರೋಗ ಕಾರಿಗೋ ನಿನಗೋ? ಮೊದಲು ಕ್ಲಚ್ ಒತ್ತೋದು ಕಲಿ."

ಅವಳು ಬಿಡದೆ ಹೇಳಿದ್ದರಿಂದ ಮೆಕ್ಯಾನಿಕ್‌ಗೆ ತೋರಿಸಿದ. ಬುಸ್ ಎನ್ನುವುದನ್ನೂ ಹೇಳಲಿಲ್ಲ, ಬ್ರೇಕಿನ ಮಾತನ್ನೂ ಎತ್ತಲಿಲ್ಲ. ಹೆಂಗಸಿನ ಮಾತು ಹೊತ್ತು ತಂದೆ ಎಂದು ನಗುತ್ತಾರಲ್ಲ! "ನಿಂತಾಗ ಸ್ವಲ್ಪ ನಡುಗುತ್ತಂತೆ, ನೋಡು" ಎಂದಷ್ಟೇ ಹೇಳಿದ. ಮೆಕ್ಯಾನಿಕ್‌ಗೆ ಕೈತುಂಬ ಕೆಲಸವಿತ್ತು. ಒಂದು ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿ ಕಳಿಸಿದ. ನಡುಕ ಅಡಗಿತು, ಹೋಗಲಿಲ್ಲ. ನರಳುವವನ ಬಾಯಿ ಮುಚ್ಚಿ ರೋಗ ವಾಸಿಯಾಯಿತು ಎಂದ ಹಾಗೆ.

ಮುಂದಿನ ಸಲ ಅವಳು ಅಕ್ಕನ ಮನೆಗೆ ಹೊರಟಾಗ, ಪೇಟೆ ಬೀದಿಯ ಇಳಿಜಾರಿನಲ್ಲಿ ಇಂಜಿನ್ ಆರಿಹೋಯಿತು. ಎರಡೂ ಕಾಲಿಟ್ಟು ಬ್ರೇಕ್ ತುಳಿದಳು. ಕಾರು ನಿಲ್ಲದೆ ಜಾರಿಕೊಂಡು ಹೋಗಿ ಒಂದು ಬಳೆಯ ಗಾಡಿಗೆ ಗುದ್ದಿತು. ಯಾರಿಗೂ ಗಾಯವಾಗಲಿಲ್ಲ. ಬೀದಿ ತುಂಬ ಗಾಜು. ಜನ ಸೇರಿದರು, ಸೇರಿದವರೆಲ್ಲ ಬುದ್ಧಿ ಹೇಳಿದರು. ಅಂಗಡಿಯಿಂದ ಓಡಿಬಂದ ವ್ಯಾಪಾರಿ ಅಷ್ಟು ಜನರ ಮುಂದೆ, "ನಾನು ಮೊದಲೇ ಬಡಕೊಂಡಿದ್ದೆ" ಎಂದು ಕೈ ಚಾಚಿದ. ಅವಳು ಕೀಲಿಕೈಯನ್ನು ಆ ಕೈಯಲ್ಲಿಟ್ಟಳು.

ಅಲ್ಲಿಗೆ ಬಿಟ್ಟನೇ? ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಆ ಕತೆ ಹೇಳಿದ. ಅವಳು ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿಕೊಂಡಳು ಎಂದು ಇಲ್ಲದ್ದನ್ನೂ ಸೇರಿಸಿ, ಅಭಿನಯಿಸಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನುಜ್ಜಾದ ಕಾರನ್ನು ಅದೇ ಮೆಕ್ಯಾನಿಕ್ ರಿಪೇರಿ ಮಾಡಿದ. ಈ ಸಲ ಪುರುಸೊತ್ತು ಮಾಡಿಕೊಂಡು ನೋಡಿದ. ಇಂಜಿನ್ ಚಾಲೂ ಇಟ್ಟು ಒಂದು ರಬ್ಬರ್ ಪೈಪನ್ನು ಬೆರಳಲ್ಲಿ ಅಮುಕಿದ. ನಡುಗುತ್ತಿದ್ದ ಇಂಜಿನ್ ಸ್ಥಿರವಾಯಿತು. ಬಿಟ್ಟ, ಮತ್ತೆ ನಡುಗಿತು.

"ಸಾಹುಕಾರರೇ, ಬ್ರೇಕಿಗೆ ಬಲ ಬರೋದು ಈ ಪೈಪಿನಿಂದ. ಇದು ಬುಡದಲ್ಲಿ ಸೀಳಿದೆ. ಇಲ್ಲಿಂದ ಇಂಜಿನ್ ಒಳಗೆ ಬೇಡದ ಗಾಳಿ ನುಗ್ಗಿ ಐಡ್ಲಿಂಗ್ ಕೆಡುತ್ತೆ, ಬ್ರೇಕೂ ಹಿಡಿಯಲ್ಲ. ಅವತ್ತು ಯಾರು ಓಡಿಸಿದ್ದರೂ ಗುದ್ದುತ್ತಿತ್ತು. ನನ್ನದೂ ತಪ್ಪಿದೆ, ಸ್ಕ್ರೂ ತಿರುಗಿಸಿ ಕಳಿಸಿಬಿಟ್ಟೆ. ಬುಸ್ ಅಂತ ಸದ್ದು ಬರುತ್ತೆ, ಬ್ರೇಕ್ ಗಟ್ಟಿ ಅಂತ ನಿಮಗೆ ಯಾರೂ ಹೇಳಲಿಲ್ಲವಾ?"

"ಯಾರೂ ಹೇಳಲಿಲ್ಲ" ಎಂದ ವ್ಯಾಪಾರಿ.

ಮೆಕ್ಯಾನಿಕ್ ಹೊಸ ಪೈಪು ಹಾಕಿದ. ಮನೆಗೆ ಬರುವಾಗ ವ್ಯಾಪಾರಿ ದಾರಿಯಲ್ಲಿ ಕಾರು ನಿಲ್ಲಿಸಿ, ಮೊದಲ ಸಲ ಆಕ್ಸಿಲರೇಟರಿನಿಂದ ಕಾಲು ತೆಗೆದು ಕೂತು ಕೇಳಿದ. ಇಂಜಿನ್ ತನ್ನ ಪಾಡಿಗೆ ತಾನು ಗುರುಗುಟ್ಟುತ್ತಿತ್ತು. ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡ. ಏನು ಹೇಳಬೇಕೆಂದು ಮಾತನ್ನೂ ಜೋಡಿಸಿಕೊಂಡ. ಮನೆಯಲ್ಲಿ ಅವನ ತಮ್ಮ ಬಂದು ಕೂತಿದ್ದ. "ಅತ್ತಿಗೇ, ಈ ಸಲ ಹಬ್ಬಕ್ಕೆ ಬಳೆ ಬೀದಿಯಲ್ಲೇ ಸಿಗುತ್ತವಲ್ಲ" ಎಂದು ತಮಾಷೆ ಮಾಡುತ್ತಿದ್ದ. ವ್ಯಾಪಾರಿಯೂ ಜೊತೆಗೆ ನಕ್ಕುಬಿಟ್ಟ. ನಕ್ಕ ಮೇಲೆ ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಬರಲಿಲ್ಲ. ಬದಲಿಗೆ ಒಂದು ದಿನ ಧಾರಾಳಿಯ ಹಾಗೆ ಕೀಲಿಕೈಯನ್ನು ಅವಳ ಮುಂದಿಟ್ಟು, "ಕಾರು ಸರಿ ಮಾಡಿಸಿದ್ದೇನೆ. ಬೇಕಾದರೆ ಓಡಿಸಿಕೊಂಡು ಹೋಗು" ಎಂದ. ಅವಳು ಕೀಲಿಕೈಯನ್ನು ಹಿಂದಕ್ಕೆ ಸರಿಸಿದಳು. "ಬೇಡ ರೀ. ಆ ಗಾಡಿಯ ಜಾಗದಲ್ಲಿ ಯಾರದೋ ಮಗು ನಿಂತಿದ್ದರೆ? ನೀವೇ ಒಂದು ಸಲ ಕರೆದುಕೊಂಡು ಹೋಗಿ, ಅಕ್ಕನನ್ನು ನೋಡಿ ಬರೋಣ." ಒಂದೇ ಮಾತು ಸಾಕಿತ್ತು ಆಗ. ವ್ಯಾಪಾರಿ, "ಅಂಗಡಿ ಯಾರು ನೋಡಿಕೊಳ್ಳುತ್ತಾರೆ? ಬರೋ ವಾರ ನೋಡೋಣ" ಎಂದ. ಕೀಲಿಕೈ ಕೊಟ್ಟೆನಲ್ಲ, ಇನ್ನೇನು ಮಾಡಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ವಾರಗಳು ಹೋದವು. ಅವಳು ಕೇಳುವುದನ್ನೂ ಬಿಟ್ಟಳು.

ಅಕ್ಕ ತೀರಿಹೋದಳು.

ಅವತ್ತು ಅಂಗಡಿ ಮುಚ್ಚಿ ವ್ಯಾಪಾರಿಯೇ ಅವಳನ್ನು ಕರೆದುಕೊಂಡು ಹೊರಟ. ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಕಾರು ನಿಂತಿತು. ಇಂಜಿನ್ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಅತ್ತು ಅತ್ತು ಸೋತಿದ್ದ ಹೆಂಡತಿ ಅದನ್ನು ಕೇಳುತ್ತ ಕೂತಿದ್ದಳು.

"ನಿಮ್ಮ ಕೈಯಲ್ಲಿ ಎಷ್ಟು ಚೆನ್ನಾಗಿ ನಿಲ್ಲುತ್ತೆ ನೋಡಿ" ಎಂದಳು. "ನನ್ನ ಕೈಯೇ ಸರಿಯಿಲ್ಲ. ಸರಿಯಿದ್ದಿದ್ದರೆ ಅಕ್ಕ ನನ್ನ ದಾರಿ ನೋಡುತ್ತ ಸಾಯುತ್ತಿರಲಿಲ್ಲ."

ವ್ಯಾಪಾರಿ ಬಾಯಿ ತೆರೆದ. ಅಷ್ಟರಲ್ಲಿ ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೆದರು. ಅವನು ಬಾಯಿ ಮುಚ್ಚಿ ಗೇರ್ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, "ಆಮೇಲಾದರೂ ಅವನು ಹೇಳಿದನೇ?" ಎಂದು ಕೇಳಿದ.

"ಅವನ ಮಾತು ಬಿಡು. ನೀನು ಯಾರಿಗೆ ಹೇಳಿಲ್ಲ?" ಎಂದರು ಗುರುಗಳು.