ಜಗ್ಗದೆ ಇಟ್ಟ ಕೆಂಪು ಬೊಟ್ಟು

ಒಂದು ಕಾಡಿನಲ್ಲಿ ಕೆರೆಯ ಮೇಲಕ್ಕೆ ಬಾಗಿದ ಜಾಲಿ ಮರವೊಂದಿತ್ತು. ಅದರ ತುಂಬ ಗೀಜಗಗಳು ವಾಸವಾಗಿದ್ದವು. ಗೀಜಗವೆಂದರೆ ಕೇಳಬೇಕೆ, ಹುಟ್ಟಾ ನೇಕಾರ ಹಕ್ಕಿ. ಆ ಮರದಲ್ಲಿ ಯಾರೂ ಒಂಟಿಯಾಗಿ ಗೂಡು ಕಟ್ಟುತ್ತಿರಲಿಲ್ಲ. ಒಂದು ತಂಡ ಈಚಲ ಗರಿಯ ನಾರು ಸೀಳಿದರೆ ಇನ್ನೊಂದು ನೇಯುತ್ತಿತ್ತು. ಒಬ್ಬರು ಹೆಣೆದ ಎಳೆಯನ್ನು ಬೇರೊಬ್ಬರು ಕೊಕ್ಕಿನಲ್ಲಿ ಹಿಡಿದು ಜಗ್ಗಿ ನೋಡಬೇಕು. ಕಿತ್ತು ಬರದಿದ್ದರೆ ಮಾತ್ರ ಮುಂದಿನ ಎಳೆ. ಇದು ಆ ಮರದ ಪದ್ಧತಿ.

ಮರದ ಹಿರಿಯ ಸಿದ್ದಜ್ಜನಿಗೆ ಈ ಪದ್ಧತಿಯೆಂದರೆ ಪ್ರಾಣ. ಅವನ ಹೆಂಡತಿ ಗೌರಿ ಮದುವೆಗೆ ಮುಂಚೆ ಅವನ ಗೂಡನ್ನು ಜಗ್ಗಿ ನೋಡಿ, "ಇದರಲ್ಲಿ ನೊಣವೂ ಸಂಸಾರ ಮಾಡಲ್ಲ" ಎಂದು ಹಾರಿಹೋಗಿದ್ದಳು. ಅವನು ಎಲ್ಲವನ್ನೂ ಬಿಚ್ಚಿ ಮತ್ತೆ ನೇಯ್ದ ಮೇಲೆಯೇ ಅವಳು ಒಪ್ಪಿದ್ದು. ಗೌರಿ ಈಗಿಲ್ಲ. ಆದರೂ ಯಾರಾದರೂ ಎಳೆ ಜಗ್ಗುತ್ತ ಜಗಳವಾಡುವುದು ಕೇಳಿದರೆ ಮುದುಕನಿಗೆ ಆ ಕಾಲ ನೆನಪಾಗಿ ಹಿತವೆನಿಸುತ್ತಿತ್ತು.

ಹೀಗಿರುವಾಗ ಆ ಮರಕ್ಕೆ ಒಂದು ಕಾಗೆ ಬಂತು. ಅದರ ಕಣ್ಣು ಮೊಟ್ಟೆಗಳ ಮೇಲೆ, ಬಾಯಲ್ಲಿ ಮಾತ್ರ ಬೆಲ್ಲ.

"ನಿಮ್ಮ ನೇಯ್ಗೆ ಎಷ್ಟು ಚೆಂದ. ಆದರೆ ತುಂಬ ತಡ ಆಗ್ತಿದೆಯಲ್ಲ" ಎಂದಿತು ಕಾಗೆ. "ನಾನು ಹೊಸ ಸೌಕರ್ಯ ತಂದಿದ್ದೀನಿ. ಇನ್ಮೇಲೆ ಒಂದೊಂದು ತಂಡಕ್ಕೂ ಬೇರೆ ಕೊಂಬೆ. ಯಾರೂ ಯಾರಿಗೂ ಅಡ್ಡ ಬರಲ್ಲ. ಗೂಡು ಮುಗಿದ ಕೂಡಲೇ ನಾನೇ ಕಾ ಅಂತ ಕೂಗಿ ಎಲ್ಲರಿಗೂ ತಿಳಿಸ್ತೀನಿ. ಮತ್ತೆ ಈ ಜಗ್ಗಾಟ ಯಾಕೆ? ಪಾಪಾಸುಕಳ್ಳಿ ಹಣ್ಣಿನ ರಸದಲ್ಲಿ ಒಂದು ಕೆಂಪು ಬೊಟ್ಟು ಇಡ್ತೀನಿ. ಬೊಟ್ಟು ಇದ್ದರೆ ಗೂಡು ಗಟ್ಟಿ ಅಂತ ತಿಳ್ಕೊಳ್ಳಿ."

"ಬೇರೆ ಕೊಂಬೆ ಒಳ್ಳೇದೇ, ಕೂಗೂ ಇರಲಿ" ಎಂದ ಸಿದ್ದಜ್ಜ. "ಆದರೆ ಬೊಟ್ಟು ಇಡೋಕೆ ಮುಂಚೆ ಯಾರಾದರೂ ಜಗ್ಗಿರಬೇಕಲ್ಲ?"

"ಅಜ್ಜಾ, ನಿಮ್ಮದು ಈ ಕೆರೆ ಹುಟ್ಟೋಕೂ ಮುಂಚಿನ ಮಾತು" ಎಂದು ಮೊಮ್ಮಗಳ ಗಂಡ ಚೆಲುವ ನಕ್ಕ. ಎಳೆಯರೆಲ್ಲ ನಕ್ಕರು.

ಗೂಡುಗಳು ನೋಡನೋಡುತ್ತಿದ್ದಂತೆ ಎದ್ದವು. ಎಲ್ಲಿ ನೋಡಿದರೂ ಕೆಂಪು ಬೊಟ್ಟು. ಒಬ್ಬರ ಗೂಡಿನ ಹತ್ತಿರ ಇನ್ನೊಬ್ಬರು ಹೋಗುವ ಕೆಲಸವೇ ಉಳಿಯಲಿಲ್ಲ. ಜಗಳವಿಲ್ಲ, ನಗೆಯೂ ಇಲ್ಲ. ಸಿದ್ದಜ್ಜನಿಗೆ ತನ್ನ ಮರದಲ್ಲೇ ತಾನು ನೆಂಟನಂತೆ ಅನ್ನಿಸಿತು.

ಮೊಮ್ಮಗಳು ನಿಂಗಿ ಬೊಟ್ಟಿನ ಗೂಡಿನಲ್ಲೇ ಮೊಟ್ಟೆಯಿಟ್ಟಳು. ನೋಡಲು ಹೋದ ಸಿದ್ದಜ್ಜ ಹಳೆಯ ಅಭ್ಯಾಸದಿಂದ ಒಂದು ಎಳೆಯನ್ನು ಜಗ್ಗಿದ. ಎಳೆ ಸಲೀಸಾಗಿ ಕಿತ್ತು ಬಂತು. ಕೆಳಗಿನ ಕೊಂಬೆಯಲ್ಲಿ ಕಾಗೆ ಕೂತು ಮೇಲಕ್ಕೇ ನೋಡುತ್ತಿತ್ತು. ಗಾಳಿ ಬೀಸಿದರೆ ಗೂಡು ಹರಿಯುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ಆಷಾಢದ ಗಾಳಿ ಆಗಲೇ ಕೆರೆಯ ಆಚೆ ದಡದ ಹುಲ್ಲನ್ನು ಮಲಗಿಸುತ್ತಿತ್ತು.

ಚೆಲುವನಿಗೆ ಹೇಳಿದರೆ, "ಬೊಟ್ಟು ಇದೆಯಲ್ಲ ಅಜ್ಜಾ" ಎಂದು ತಳ್ಳಿಹಾಕಿದ. ಹೇಳಿ ಫಲವಿಲ್ಲವೆಂದು ಅರಿತ ಸಿದ್ದಜ್ಜ ನೇರವಾಗಿ ಕಾಗೆಯ ಬಳಿಗೆ ಹೋದ.

"ಇಷ್ಟು ಉಪಕಾರ ಮಾಡಿದ ಯಜಮಾನರು ಮುಳ್ಳಿನ ಮೇಲೆ ಕೂರೋದು ನಮಗೆ ಶೋಭೆಯಲ್ಲ. ನಿಮಗೊಂದು ಉಯ್ಯಾಲೆ ನೇಯ್ತೀವಿ" ಎಂದ.

ಕಾಗೆ ಉಬ್ಬಿಹೋಯಿತು. ಎಳೆಯ ಗೀಜಗಗಳು ಹೊಸ ಪದ್ಧತಿಯಲ್ಲೇ ಬೇಗ ಬೇಗ ಉಯ್ಯಾಲೆ ನೇಯ್ದು ನೀರಿನ ಮೇಲೆ ತೂಗುಬಿಟ್ಟವು. ಕಾಗೆ ಕೊಕ್ಕನ್ನು ರಸದಲ್ಲಿ ಅದ್ದಿ ಬೊಟ್ಟು ಇಟ್ಟಿತು.

"ಇನ್ನು ಕೂತ್ಕೊಳ್ಳಿ" ಎಂದ ಸಿದ್ದಜ್ಜ.

ಕಾಗೆ ಒಂದು ಕಾಲು ಮುಂದಿಟ್ಟಿತು. ಕೆಳಗಿನ ನೀರು ನೋಡಿತು. ಕಾಲನ್ನು ಹಿಂದಕ್ಕೆಳೆದುಕೊಂಡಿತು.

"ಮೊದಲು ಯಾರಾದರೂ ಒಂದ್ಸಲ ಜಗ್ಗಿ ನೋಡಿ" ಎಂದಿತು ಮೆಲ್ಲಗೆ.



"ಯಾಕೆ? ಬೊಟ್ಟು ಇದೆಯಲ್ಲ" ಎಂದ ಚೆಲುವ. ಈ ಸಲ ಅವನು ನಗಲಿಲ್ಲ.

ಕಾಗೆಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುತ್ತಾಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಮಾನ ಉಳಿಸಿಕೊಳ್ಳಲು ಉಯ್ಯಾಲೆಯ ಮೇಲೆ ಕೂತಿತು. ಎಳೆಗಳು ಪಟಪಟನೆ ಕಿತ್ತು ನಾರು ಕಾಲಿಗೆ ಸುತ್ತಿಕೊಂಡಿತು. ಕಾಗೆ ದೊಪ್ಪನೆ ಕೆರೆಗೆ ಬಿತ್ತು. ಕೆಸರಿನಲ್ಲಿ ಹೊರಳಾಡಿ, ನೀರು ಕುಡಿದು, ಹೇಗೋ ದಡ ಸೇರಿ, ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ಚೆಲುವ ಹಾರಿಹೋಗಿ ತನ್ನ ಗೂಡನ್ನು ಜಗ್ಗಿದ. ಎಳೆ ಕಿತ್ತು ಕೊಕ್ಕಿಗೇ ಬಂತು. "ತಪ್ಪಾಯ್ತು ಅಜ್ಜಾ, ನೀವು ಬನ್ನಿ" ಎಂದು ಕರೆದ. ಎಲ್ಲ ಕೊಂಬೆಗಳ ಗೀಜಗಗಳೂ ನಾರು ಹಿಡಿದು ಬಂದವು. ಒಬ್ಬರು ನೇಯ್ದರು, ಇನ್ನೊಬ್ಬರು ಜಗ್ಗಿದರು, ಬೈದರು, ಬಿಚ್ಚಿದರು, ಮತ್ತೆ ನೇಯ್ದರು.

"ಬೊಟ್ಟು ಬೇಡವೇ ಬೇಡ" ಎಂದ ಒಬ್ಬ.

"ಇರಲಿ ಬಿಡಪ್ಪ. ಜಗ್ಗಿದ ಮೇಲೆ, ಜಗ್ಗಿದವರೇ ಇಡಲಿ" ಎಂದ ಸಿದ್ದಜ್ಜ.

ಸಂಜೆ ಗಾಳಿ ಬೀಸಿತು. ನಿಂಗಿಯ ಗೂಡು ಹುಚ್ಚಾಪಟ್ಟೆ ತೂಗಾಡಿತು, ಆದರೆ ಹರಿಯಲಿಲ್ಲ. ಮೊಟ್ಟೆಗಳು ಅವಳ ರೆಕ್ಕೆಯಡಿಯಲ್ಲಿ ಬೆಚ್ಚಗೆ ಉಳಿದವು. ಹೋದ ಕಾಲ ತಿರುಗಿ ಬರುವುದಿಲ್ಲವೆಂದು ಸಿದ್ದಜ್ಜನಿಗೂ ಗೊತ್ತಿತ್ತು. ಆದರೆ ಆ ಗಾಳಿಯಲ್ಲೂ ಒಂದು ಕೊಂಬೆಯವರು ಇನ್ನೊಂದು ಕೊಂಬೆಯವರನ್ನು, "ನಿಮ್ಮದು ಹೇಗಿದೆ?" ಎಂದು ಕೂಗಿ ಕೇಳುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ, ಎಷ್ಟೋ ದಿನಗಳ ಮೇಲೆ ಮುದುಕನಿಗೆ ಒಳ್ಳೆಯ ನಿದ್ದೆ ಬಂತು.

ನೀತಿ: ಹೊಸ ಸೌಕರ್ಯ ಕೆಲಸವನ್ನು ಹಗುರ ಮಾಡಲಿ, ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವ ಹೊಣೆಯನ್ನು ಬರಿಯ ಗುರುತಿಗೆ ಒಪ್ಪಿಸಬಾರದು.