ಕೊರಮೀನು ನೀರಿನ ಮೇಲೆ ಬಾಯಿ ತೆರೆಯುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡ ಮಾತಾಡುತ್ತಿತ್ತು, ಗಾಳಿ ಬುದ್ಧಿ ಹೇಳುತ್ತಿತ್ತು. ಕೇಳುವವರು ಮಾತ್ರ ಆಗಲೂ ಕಡಿಮೆಯೇ.

ಕಬ್ಬಿಣದ ಕೆಂಪು ಗುಡ್ಡದ ಕೆಳಗೊಂದು ಹಳ್ಳ. ಮಳೆಗಾಲಕ್ಕೊಮ್ಮೆ ಗುಡ್ಡದಜ್ಜ ಒಂದು ಚಿಟಿಕೆ ಕೆಮ್ಮಣ್ಣು ಇಳಿಬಿಡುತ್ತಿದ್ದ. ಆ ಚಿಟಿಕೆಯಿಂದಲೇ ಮೀನುಗಳ ರಕ್ತಕ್ಕೆ ಕೆಂಪು, ಮೈಗೆ ಕಸುವು.

ಹಳ್ಳದ ತಳದಲ್ಲಿ ನಿಂಬೆವ್ವ ಎಂಬ ಕೊರಮೀನು ಇದ್ದಳು. ಚೊಚ್ಚಲ ಬಾಣಂತಿ. ಮರಿಗಳನ್ನು ಕಂಡವರೆಲ್ಲ "ಎಷ್ಟು ಚೆಂದ" ಅನ್ನುವುದು, ಅವಳು ಅವನ್ನು ರೆಕ್ಕೆಯ ಮರೆಗೆ ಎಳೆದುಕೊಳ್ಳುವುದು. ದಡದ ಮೇಲೆ ಹೆಂಗಸರು ಕೂಸಿಗೆ ಕೆಂಪಾರತಿ ಎತ್ತಿ ದೃಷ್ಟಿ ತೆಗೆಯುವುದನ್ನು ಅವಳು ನೋಡಿದ್ದಳು.

"ಅಜ್ಜಾ, ನನ್ನ ಮಕ್ಕಳಿಗೆ ದೃಷ್ಟಿ ಆಗೈತಿ. ಹಳ್ಳ ತುಂಬ ಕೆಂಪು ನೀರು ಇಳಿಬಿಡು," ಎಂದಳು.

"ಬ್ಯಾಡವ್ವಾ," ಎಂದಿತು ಗಾಳಿ. "ಆರತಿ ನೀರನ್ನ ಅವರು ನಿವಾಳಿಸಿ ಹೊರಗ ಚೆಲ್ತಾರ. ನೀರಾಗ ಇರೋರಿಗೆ ಹೊರಗ ಎಲ್ಲೈತಿ? ಚಿಟಿಕಿ ಕಬ್ಬಿಣ ಔಷಧ. ಹೆಚ್ಚಾದ್ರ ಉಸಿರಿನ ಜೋಡಿ ಸೇರಿ ಮೈಯೊಳಗ ಕಿಚ್ಚು ಹಚ್ಚತೈತಿ."

"ಹೆತ್ತಿದ್ದರ ನಿನಗ ಗೊತ್ತಾಗ್ತಿತ್ತು," ಎಂದು ನಿಂಬೆವ್ವ ಮುಖ ತಿರುವಿದಳು.

ಕೇಳಿದವರಿಗೆ ಅಜ್ಜ ಇಲ್ಲ ಅಂದವನೇ ಅಲ್ಲ. ಕೊಡುವ ಮುಂಚೆ ಯೋಚನೆ ಮಾಡಿದವನೂ ಅಲ್ಲ. ಮೈ ಕೊಡವಿದ. ಹಳ್ಳವೆಲ್ಲ ಕೆಂಪಾಯಿತು. ನಿಂಬೆವ್ವ ಮರಿಗಳನ್ನು ತಾನೇ ಮುಂದೆ ತಳ್ಳಿ ಮೀಯಿಸಿದಳು.

ಮೊದಲು ಮರಿಗಳು ಕುಣಿದವು. ಆಮೇಲೆ ಕಿವಿರಿಗೆ ಕೆಸರು ಮೆತ್ತಿತು, ಕಬ್ಬಿಣ ಒಳಗಿಳಿಯಿತು. ಎಳೆದ ಉಸಿರೇ ಸುಡತೊಡಗಿತು. ಎಳೆಯ ಮೈ ಒಳಗಿಂದ ತುಕ್ಕು ಹಿಡಿಯಿತು. "ಅವ್ವಾ, ಉರಿ" ಎನ್ನುತ್ತ ಒಂದೊಂದೇ ಮರಿ ಮಗುಚಿತು. ನೀರೊಳಗೆ ಹತ್ತಿದ ಉರಿಯನ್ನು ಯಾವ ನೀರು ಹಾಕಿ ಆರಿಸಬೇಕು?

"ಅಜ್ಜಾ, ಸಾಕು ಮಾಡು."

"ನೀನಽ ಕೇಳಿದಿಯಲ್ಲವ್ವಾ. ಇಳಿದದ್ದನ್ನ ಮ್ಯಾಲ ಹತ್ತಿಸಾಕ ನನಗ ಬರಂಗಿಲ್ಲ," ಎಂದು ಅಜ್ಜ ಕಣ್ಣು ಮುಚ್ಚಿದ.

ಗಾಳಿ ಮಾತ್ರ ಮೇಲೆ ಕಾದಿತ್ತು. "ಮ್ಯಾಲ ಬಾ, ನನ್ನ ಉಸಿರು ಕುಡಿ," ಎಂದಿತು. ನಿಂಬೆವ್ವ ಇದ್ದಬದ್ದ ಮರಿಗಳನ್ನು ಮೂತಿಯಿಂದ ದೂಡುತ್ತ ಮೇಲೆ ಬಂದಳು. ನೂರಾರು ಮರಿಗಳಲ್ಲಿ ಉಳಿದದ್ದು ಏಳು.

ಗಾಳಿ ಹಂಗಿಸಲಿಲ್ಲ. ಹಂಗಿಸಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಇವತ್ತಿಗೂ ಕೊರಮೀನು ಗಳಿಗೆಗೊಮ್ಮೆ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ, ಮರಿಗಳ ಹಿಂಡನ್ನು ನೀರಿನ ಮೇಲೆಯೇ ತೇಲಿಸಿಕೊಂಡು ಕಾಯುತ್ತದೆ. ನೀರಲ್ಲೇ ಹುಟ್ಟಿದರೂ ಅದು ನೀರನ್ನು ನಂಬುವುದಿಲ್ಲ.